ಪಂಪ್ ಆಕ್ಷನ್ ಬಂದೂಕು ಮತ್ತು ಬೆಳೆ ರಕ್ಷಣೆ ಬಂದೂಕು ಪರವಾನಗಿ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

1. ಪ್ರಸ್ತಾವನೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಕೃಷ್ಣಾ, ದೂಧಗಂಗಾ ಹಾಗೂ ವೇದಗಂಗಾ ನದಿಗಳ ನೀರಿನಿಂದ ಕಬ್ಬು ಬೆಳೆಯುವ ಪ್ರದೇಶಗಳನ್ನು ಒಳಗೊಂಡಿವೆ. ಎತ್ತರವಾಗಿ ಬೆಳೆದು ನಿಂತ ಕಬ್ಬು ಮತ್ತು ಗೋವಿನಜೋಳದ ಹೊಲಗಳು ಕಾಡುಹಂದಿಗಳಿಗೆ ಆಶ್ರಯವಾಗುತ್ತವೆ. ಬೆಳೆ ಹಾನಿಗೊಳಗಾದ ರೈತರು, ತೋಟದ ಮನೆಗಳಲ್ಲಿ ವಾಸಿಸುವ ಕುಟುಂಬಗಳು ಹಾಗೂ ಹಿರಿಯರಿಂದ ಬಂದ ಬಂದೂಕು ಹೊಂದಿರುವ ಮನೆತನಗಳವರು ಬಂದೂಕು ಪರವಾನಗಿಗಾಗಿ ಅರ್ಜಿ ಸಲ್ಲಿಸುವುದುಂಟು. ಇವರಲ್ಲಿ ಕೆಲವರು ಹಳೆಯ ಒಂಟಿ ನಳಿಕೆ ಅಥವಾ ಜೋಡಿ ನಳಿಕೆಯ ಬಂದೂಕಿನ ಬದಲಾಗಿ ಪಂಪ್ ಆಕ್ಷನ್ ಬಂದೂಕನ್ನು ಹೊಂದಲು ಅಪೇಕ್ಷಿಸುತ್ತಾರೆ.

ಭಾರತದಲ್ಲಿ ಬಂದೂಕು ಹೊಂದುವುದು ನಾಗರಿಕನ ಸಹಜ ಹಕ್ಕಲ್ಲ. ಕಾನೂನಿನ ಷರತ್ತುಗಳಿಗೆ ಒಳಪಟ್ಟು ನೀಡಲಾಗುವ ಅನುಮತಿ. 1878ರ ಭಾರತೀಯ ಆಯುಧ ಅಧಿನಿಯಮದ ಸ್ಥಾನದಲ್ಲಿ ಜಾರಿಗೆ ಬಂದ ಆಯುಧ ಅಧಿನಿಯಮ, 1959 ಮತ್ತು 1962ರ ನಿಯಮಗಳ ಬದಲಾಗಿ ಬಂದ ಆಯುಧ ನಿಯಮಗಳು, 2016 ಈ ವಿಷಯವನ್ನು ನಿಯಂತ್ರಿಸುತ್ತವೆ. ಅಧಿನಿಯಮಕ್ಕೆ 2019ರಲ್ಲಿ ಮಹತ್ವದ ತಿದ್ದುಪಡಿಗಳಾಗಿವೆ. ಅರ್ಜಿದಾರರು ಮತ್ತು ಪರವಾನಗಿದಾರರು ತಿಳಿದಿರಬೇಕಾದ ಮುಖ್ಯ ಅಂಶಗಳನ್ನು ಕೆಳಗೆ ವಿವರಿಸಲಾಗಿದೆ.

2. ಪಂಪ್ ಆಕ್ಷನ್ ಬಂದೂಕು: ಸ್ವರೂಪ ಮತ್ತು ಕಾನೂನಿನಲ್ಲಿ ಅದರ ಸ್ಥಾನ

ಪಂಪ್ ಆಕ್ಷನ್ ಬಂದೂಕಿನಲ್ಲಿ ನಳಿಕೆಯ ಕೆಳಗೆ ಕೊಳವೆಯಾಕಾರದ ಮ್ಯಾಗಜಿನ್ ಇರುತ್ತದೆ. ಮುಂಗೈ ಹಿಡಿಯನ್ನು ಹಿಂದಕ್ಕೆಳೆದಾಗ ಖಾಲಿ ತೋಟಾ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿದಾಗ ಹೊಸ ತೋಟಾ ನಳಿಕೆಯ ಕೋಣೆಗೆ ಸೇರುತ್ತದೆ. ಪ್ರತಿ ಗುಂಡಿಗೂ ಬಳಸುವವರ ಕೈಯೇ ಈ ಕೆಲಸ ಮಾಡಬೇಕಾಗುವುದರಿಂದ ಇದು ಕೈಚಾಲಿತ ಆಯುಧವೆಂದು ಪರಿಗಣಿತವಾಗುತ್ತದೆ. ಗುಂಡು ಹಾರಿದೊಡನೆ ಮುಂದಿನ ತೋಟಾವನ್ನು ತಾನಾಗಿಯೇ ಸೇರಿಸಿಕೊಳ್ಳುವ ಅರೆ ಸ್ವಯಂಚಾಲಿತ ಬಂದೂಕು ಬೇರೆ. ಪಂಪ್ ಆಕ್ಷನ್ ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸಿ ಅರ್ಜಿ ಸಲ್ಲಿಸುವುದು ಸರಿಯಲ್ಲ. ಅರೆ ಸ್ವಯಂಚಾಲಿತ ಬಂದೂಕು ನಿಯಮಗಳ ಮೊದಲನೆಯ ಅನುಸೂಚಿಯ ನಿರ್ಬಂಧಿತ ವರ್ಗದಲ್ಲಿ ಬರುತ್ತದೆ. ಬೆಳೆ ರಕ್ಷಣೆಗಾಗಲಿ ಸಾಮಾನ್ಯ ಸ್ವರಕ್ಷಣೆಗಾಗಲಿ ಜಿಲ್ಲಾ ಮಟ್ಟದಲ್ಲಿ ಅದಕ್ಕೆ ಪರವಾನಗಿ ದೊರೆಯುವುದಿಲ್ಲ.

12 ಬೋರಿನ ಪಂಪ್ ಆಕ್ಷನ್ ಬಂದೂಕು ಗೆರೆಗಳಿಲ್ಲದ ನುಣುಪು ನಳಿಕೆಯದು. ಅದರ ನಳಿಕೆಯ ಉದ್ದ 20 ಅಂಗುಲಕ್ಕಿಂತ, ಅಂದರೆ ಸುಮಾರು 51 ಸೆಂಟಿಮೀಟರಿಗಿಂತ, ಕಡಿಮೆ ಇರಕೂಡದು. ಅದಕ್ಕಿಂತ ಗಿಡ್ಡ ನಳಿಕೆಯ ನುಣುಪು ಬಂದೂಕು ಅನುಸೂಚಿಯ ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಆದುದರಿಂದ ಖರೀದಿಯ ಮುನ್ನ ನಳಿಕೆಯ ಉದ್ದವನ್ನು ದಾಖಲೆಯಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು. ಕೈಗೆ ಹಗುರವಾಗಲೆಂದು ನಳಿಕೆಯನ್ನು ಕತ್ತರಿಸಿ ಗಿಡ್ಡ ಮಾಡುವುದನ್ನು ಅಧಿನಿಯಮದ 6ನೇ ಪ್ರಕರಣ ನಿಷೇಧಿಸುತ್ತದೆ. ಪರವಾನಗಿ ಇರುವ ಬಂದೂಕಿಗೂ ಈ ನಿಷೇಧ ಅನ್ವಯಿಸುತ್ತದೆ.

3. ಯಾವ ಉದ್ದೇಶಕ್ಕೆ ಯಾವ ಪರವಾನಗಿ

ಅಧಿನಿಯಮದ 13ನೇ ಪ್ರಕರಣದ 3ನೇ ಉಪಪ್ರಕರಣವು ಉದ್ದೇಶಕ್ಕೆ ತಕ್ಕಂತೆ ವ್ಯತ್ಯಾಸ ಮಾಡುತ್ತದೆ.

(ಅ) ರಕ್ಷಣೆ ಅಥವಾ ಕ್ರೀಡೆ: ಭಾರತದ ನಾಗರಿಕನು 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಕೆಯ ನುಣುಪು ಬಂದೂಕಿಗಾಗಿ ಅರ್ಜಿ ಸಲ್ಲಿಸಬಹುದು. ಪಂಪ್ ಆಕ್ಷನ್ ಬಂದೂಕು ಈ ವಿವರಣೆಗೆ ಒಳಪಡುತ್ತದೆ. ಪರವಾನಗಿಯನ್ನು ನಮೂನೆ 3ರಲ್ಲಿ ನೀಡಲಾಗುತ್ತದೆ.

(ಆ) ಬೆಳೆ ರಕ್ಷಣೆ: ನೈಜ ಬೆಳೆ ರಕ್ಷಣೆಗಾಗಿ ಕಾನೂನು ಮೊದಲು ಹೆಸರಿಸುವುದು ನಳಿಕೆಯ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅಂತಹ ಬಂದೂಕು ಬೆಳೆಯ ರಕ್ಷಣೆಗೆ ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ಮಾತ್ರ ಬೇರೆ ನುಣುಪು ನಳಿಕೆಯ ಬಂದೂಕಿಗೆ ಪರವಾನಗಿ ನೀಡಬಹುದು. ಬೆಳೆ ರಕ್ಷಣೆಯ ಹೆಸರಿನಲ್ಲಿ ಪಂಪ್ ಆಕ್ಷನ್ ಬಂದೂಕು ಕೋರುವವರು ಈ ಅಂಶವನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಹಾನಿ ಎಷ್ಟು, ಯಾವ ಪ್ರಾಣಿಯಿಂದ, ಯಾವ ಹಂಗಾಮಿನಲ್ಲಿ, ಸಾಮಾನ್ಯ ಮದ್ದುಬಂದೂಕು ಏಕೆ ಸಾಲದು ಎಂಬುದನ್ನು ಅರ್ಜಿದಾರರೇ ಕಾರಣಸಹಿತ ವಿವರಿಸಬೇಕಾಗುತ್ತದೆ. ಮನುಷ್ಯ ಅಥವಾ ಜಾನುವಾರುಗಳಿಗೆ ಅಪಾಯ ತರುವ ಮತ್ತು ಬೆಳೆ ಹಾಳುಮಾಡುವ ವನ್ಯಪ್ರಾಣಿಗಳ ಸಂಬಂಧದ ಪರವಾನಗಿ ನಮೂನೆ 4ರಲ್ಲಿ ಇರುತ್ತದೆ.

(ಇ) ಕೊಡಗಿನ ವಿನಾಯಿತಿ: ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಅಧಿನಿಯಮದ 41ನೇ ಪ್ರಕರಣದಡಿ ಕೇಂದ್ರ ಸರ್ಕಾರ ನೀಡಿರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳ ಅವಧಿಗೆ, ಅಂದರೆ 2029ರವರೆಗೆ, ಮುಂದುವರಿಸಲಾಗಿದೆ. ಬೆಳಗಾವಿ ಜಿಲ್ಲೆಯ ರೈತರಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಪರವಾನಗಿ ಇಲ್ಲದೆ ಮದ್ದುಬಂದೂಕನ್ನೂ ಇಟ್ಟುಕೊಳ್ಳುವಂತಿಲ್ಲ.

(ಈ) ಏರ್‌ಗನ್: 0.177 ಅಂಗುಲಕ್ಕಿಂತ ಹೆಚ್ಚಿನ ಬೋರ್ ಅಥವಾ 20 ಜೂಲ್‌ಗಿಂತ ಹೆಚ್ಚಿನ ಶಕ್ತಿಯುಳ್ಳ ಏರ್‌ಗನ್ ಮತ್ತು ಏರ್ ರೈಫಲ್‌ಗಳಿಗೂ ಪರವಾನಗಿ ಅಗತ್ಯ.

4. ಅರ್ಹತೆ ಮತ್ತು ಅನರ್ಹತೆ

ಅರ್ಜಿದಾರರಿಗೆ 21 ವರ್ಷ ಪೂರ್ಣಗೊಂಡಿರಬೇಕು. ಹಿಂಸಾಚಾರ ಅಥವಾ ನೈತಿಕ ಅಧಃಪತನಕ್ಕೆ ಸಂಬಂಧಿಸಿದ ಅಪರಾಧದಲ್ಲಿ ಸೆರೆವಾಸ ಅನುಭವಿಸಿದವರು ಶಿಕ್ಷೆ ಮುಗಿದ ನಂತರದ 5 ವರ್ಷಗಳವರೆಗೆ ಬಂದೂಕು ಹೊಂದುವಂತಿಲ್ಲ. ಶಾಂತಿಪಾಲನೆಗಾಗಿ ಅಥವಾ ಸನ್ನಡತೆಗಾಗಿ ಮುಚ್ಚಳಿಕೆ ಬರೆದುಕೊಟ್ಟವರು ಮುಚ್ಚಳಿಕೆಯ ಅವಧಿಯಲ್ಲಿ ಅನರ್ಹರು. ಮಾನಸಿಕ ಅಸ್ವಸ್ಥತೆ ಇರುವವರಿಗೆ ಹಾಗೂ ಸಾರ್ವಜನಿಕ ಶಾಂತಿ ಸುರಕ್ಷತೆಯ ದೃಷ್ಟಿಯಿಂದ ಯೋಗ್ಯರಲ್ಲವೆಂದು ಕಂಡುಬಂದವರಿಗೆ ಪರವಾನಗಿ ನಿರಾಕರಿಸಲಾಗುತ್ತದೆ.

ಅರ್ಜಿದಾರರಿಗೆ ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣದಿಂದ ಪರವಾನಗಿ ನಿರಾಕರಿಸುವಂತಿಲ್ಲ ಎಂದು 14ನೇ ಪ್ರಕರಣ ಸ್ಪಷ್ಟಪಡಿಸುತ್ತದೆ. ಎರಡು ಎಕರೆ ಜಮೀನುಳ್ಳ ರೈತನ ಅರ್ಜಿಯೂ ಇಪ್ಪತ್ತು ಎಕರೆ ಜಮೀನುಳ್ಳವರ ಅರ್ಜಿಯೂ ಒಂದೇ ಅಳತೆಗೋಲಿನಿಂದ ಪರಿಶೀಲನೆಗೆ ಒಳಪಡುತ್ತವೆ.

2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಸಾಮಾನ್ಯವಾಗಿ 2 ಬಂದೂಕುಗಳಿಗಿಂತ ಹೆಚ್ಚು ಹೊಂದುವಂತಿಲ್ಲ. ಹಿಂದೆ ಈ ಮಿತಿ 3 ಇತ್ತು. ಹಿರಿಯರಿಂದ ಬಂದ ಬಂದೂಕೂ ಈ ಲೆಕ್ಕಕ್ಕೆ ಸೇರುತ್ತದೆ. ಆದುದರಿಂದ ಈಗಾಗಲೇ ಎರಡು ಬಂದೂಕುಗಳಿರುವವರು ಪಂಪ್ ಆಕ್ಷನ್ ಬಂದೂಕು ಬಯಸಿದಲ್ಲಿ ಒಂದನ್ನು ಕಾನೂನುಬದ್ಧವಾಗಿ ವಿಲೇ ಮಾಡಬೇಕಾಗುತ್ತದೆ.

5. ಅರ್ಜಿ ಮತ್ತು ಲಗತ್ತಿಸಬೇಕಾದ ದಾಖಲೆಗಳು

ಈ ಐದೂ ತಾಲ್ಲೂಕುಗಳಿಗೆ ಪರವಾನಗಿ ಪ್ರಾಧಿಕಾರಿ ಬೆಳಗಾವಿಯ ಜಿಲ್ಲಾಧಿಕಾರಿ ಹಾಗೂ ಜಿಲ್ಲಾ ದಂಡಾಧಿಕಾರಿಗಳು. ನಿಪ್ಪಾಣಿ ಮತ್ತು ಕಾಗವಾಡ ಪ್ರತ್ಯೇಕ ತಾಲ್ಲೂಕುಗಳಾದ ಮೇಲೂ ಪ್ರಾಧಿಕಾರ ಬದಲಾಗಿಲ್ಲ. ವ್ಯಕ್ತಿಗಳು ನಮೂನೆ ಎ-1ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು ಇಂತಿವೆ:

- ಇತ್ತೀಚಿನ ಭಾವಚಿತ್ರಗಳು
- ಜನ್ಮ ದಿನಾಂಕ, ಗುರುತು ಮತ್ತು ವಾಸಸ್ಥಳದ ಪುರಾವೆ
- ದೈಹಿಕ ಹಾಗೂ ಮಾನಸಿಕ ಆರೋಗ್ಯದ ಬಗ್ಗೆ ನಮೂನೆ ಎಸ್-3ರಲ್ಲಿ ವೈದ್ಯಕೀಯ ಪ್ರಮಾಣಪತ್ರ
- ಆಯುಧ ಮತ್ತು ಮದ್ದುಗುಂಡು ಸುರಕ್ಷತಾ ತರಬೇತಿ ಪಡೆದ ಬಗ್ಗೆ ನಮೂನೆ ಎಸ್-1ರಲ್ಲಿ ಪ್ರಮಾಣಪತ್ರ
- ಬಂದೂಕನ್ನು ಮನೆಯಲ್ಲಿ ಸುರಕ್ಷಿತವಾಗಿ ಇರಿಸುವ ವ್ಯವಸ್ಥೆಯ ಬಗ್ಗೆ ಮುಚ್ಚಳಿಕೆ
- ಬೆಳೆ ರಕ್ಷಣೆಗಾದರೆ ಚಾಲ್ತಿ ಸಾಲಿನ ಪಹಣಿ, ಬೆಳೆಯ ವಿವರ ಹಾಗೂ ಹಾನಿಯ ಬಗ್ಗೆ ಲಭ್ಯವಿರುವ ದಾಖಲೆಗಳು
- ನಿಯಮಗಳ ಅನುಸೂಚಿಯಲ್ಲಿ ನಿಗದಿಯಾದ ಶುಲ್ಕ ಪಾವತಿಸಿದ ರಸೀದಿ

ಪಹಣಿಯಲ್ಲಿ ತಂದೆಯ ಅಥವಾ ಅಜ್ಜನ ಹೆಸರೇ ಉಳಿದಿದ್ದಲ್ಲಿ ವಾರಸಾ ನಮೂದನ್ನು ಮೊದಲು ಸರಿಪಡಿಸಿಕೊಳ್ಳುವುದು ಒಳಿತು. ಬೆಳೆಹಾನಿಗಾಗಿ ಹಿಂದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಸಲ್ಲಿಸಿದ್ದಲ್ಲಿ ಅದರ ಪ್ರತಿ ನೈಜ ಅಗತ್ಯವನ್ನು ತೋರಿಸುವ ಉತ್ತಮ ದಾಖಲೆಯಾಗುತ್ತದೆ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತದೆ. ಅರ್ಜಿದಾರರು ಇಂತಹ ಅವಕಾಶಗಳ ಬಗ್ಗೆ ಸಮೀಪದ ಪೊಲೀಸ್ ಠಾಣೆಯಲ್ಲಿ ವಿಚಾರಿಸಬಹುದು.

ಅರ್ಜಿಯಲ್ಲಿ ಸುಳ್ಳು ಮಾಹಿತಿ ನೀಡುವುದು, ಬಾಕಿ ಇರುವ ಮೊಕದ್ದಮೆಯನ್ನು ಮುಚ್ಚಿಡುವುದು ಪರವಾನಗಿಯ ರದ್ದತಿಗೆ ಕಾರಣವಾಗುತ್ತದೆ. ಮೊಕದ್ದಮೆ ಬಾಕಿ ಇರುವುದಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ಹೆಚ್ಚು ತೊಂದರೆ ತರುವುದುಂಟು.

6. ವಿಚಾರಣೆ, ಕಾಲಮಿತಿ ಮತ್ತು ಮೇಲ್ಮನವಿ

ಅರ್ಜಿ ಸ್ವೀಕೃತವಾದ ಮೇಲೆ ಅರ್ಜಿದಾರರ ವಾಸಸ್ಥಳದ ಪೊಲೀಸ್ ಠಾಣೆಯಿಂದ ವರದಿ ಕೇಳಲಾಗುತ್ತದೆ. ಪೊಲೀಸ್ ವರದಿಗೆ 30 ದಿನಗಳ ಹಾಗೂ ವರದಿ ಬಂದ ನಂತರ ಪ್ರಾಧಿಕಾರದ ಆದೇಶಕ್ಕೆ 60 ದಿನಗಳ ಕಾಲಮಿತಿಯನ್ನು 2016ರ ನಿಯಮಗಳು ನಿಗದಿಪಡಿಸಿವೆ. ನಿಗದಿತ ಅವಧಿಯಲ್ಲಿ ಪೊಲೀಸ್ ವರದಿ ಬಾರದಿದ್ದಲ್ಲಿ, ಸೂಕ್ತವೆಂದು ಕಂಡರೆ, ವರದಿಗಾಗಿ ಕಾಯದೆಯೂ ಆದೇಶ ಹೊರಡಿಸಲು ಪ್ರಾಧಿಕಾರಕ್ಕೆ ಅಧಿಕಾರವಿದೆ.

ಪರವಾನಗಿ ನಿರಾಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಅರ್ಜಿದಾರರು ಕೇಳಿದಾಗ ಆ ಕಾರಣಗಳ ಸಂಕ್ಷಿಪ್ತ ವಿವರಣೆಯನ್ನು ನೀಡಬೇಕು; ಸಾರ್ವಜನಿಕ ಹಿತದೃಷ್ಟಿಯಿಂದ ನೀಡಬಾರದ ಸಂದರ್ಭ ಮಾತ್ರ ಇದಕ್ಕೆ ಅಪವಾದ. ಆದೇಶದಿಂದ ಬಾಧಿತರಾದವರು 18ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿಗೆ 30 ದಿನಗಳ ಅವಧಿ ಇರುವುದರಿಂದ ಆದೇಶದ ಪ್ರತಿ ಕೈಸೇರಿದ ದಿನಾಂಕವನ್ನು ಬರೆದಿಟ್ಟುಕೊಳ್ಳತಕ್ಕದ್ದು. ಮಧ್ಯವರ್ತಿಗಳಿಗೆ ಹಣ ಕೊಡುವುದರಿಂದ ಈ ಯಾವ ಹಂತವೂ ತಪ್ಪುವುದಿಲ್ಲ.

7. ಬಂದೂಕು ಮತ್ತು ತೋಟಾಗಳ ಖರೀದಿ

ಮಂಜೂರಾದ ಪರವಾನಗಿಯ ವಿವರಗಳು ರಾಷ್ಟ್ರೀಯ ಆಯುಧ ಪರವಾನಗಿ ದತ್ತಾಂಶದಲ್ಲಿ ದಾಖಲಾಗಿ ವಿಶಿಷ್ಟ ಗುರುತಿನ ಸಂಖ್ಯೆ ದೊರೆಯುತ್ತದೆ. ಈ ಸಂಖ್ಯೆ ಇಲ್ಲದ ಪರವಾನಗಿಗೆ ಮಾನ್ಯತೆ ಇಲ್ಲ. ಹಳೆಯ ಕೈಬರಹದ ಪುಸ್ತಕ ಮಾತ್ರ ಉಳ್ಳವರು ವಿಳಂಬ ಮಾಡದೆ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು.

ಪರವಾನಗಿಯಲ್ಲಿ ನಮೂದಿಸಿದ ಅವಧಿಯೊಳಗೆ ಅಧಿಕೃತ ವ್ಯಾಪಾರಿಯಿಂದ ಬಂದೂಕನ್ನು ಖರೀದಿಸಿ, ಅದರ ಮಾದರಿ, ಬೋರ್ ಹಾಗೂ ಸಂಖ್ಯೆಯನ್ನು ಪರವಾನಗಿಯಲ್ಲಿ ನಮೂದು ಮಾಡಿಸಿಕೊಳ್ಳಬೇಕು. ತಯಾರಕರ ಹೆಸರು ಮತ್ತು ಸಂಖ್ಯೆಯ ಅಚ್ಚು ಇಲ್ಲದ, ಅಥವಾ ಅಚ್ಚನ್ನು ಅಳಿಸಿದ ಬಂದೂಕನ್ನು ಎಷ್ಟೇ ಕಡಿಮೆ ಬೆಲೆಗೆ ದೊರೆತರೂ ಪಡೆಯಕೂಡದು. ಖಾಸಗಿ ಪರವಾನಗಿದಾರರಿಂದ ಖರೀದಿಸುವಾಗ ಮಾರುವವರು ಮೊದಲೇ ಲಿಖಿತ ಮಾಹಿತಿ ನೀಡಿ, ಆ ಬಳಿಕ 45 ದಿನಗಳು ಕಳೆದಿರಬೇಕು.

ತೋಟಾ ಖರೀದಿಯ ಪ್ರಮಾಣ ಪರವಾನಗಿಯಲ್ಲಿ ಬರೆದಿರುವಷ್ಟೇ. ತೋಟಾಗಳನ್ನು ನೆರೆಹೊರೆಯವರಿಗೆ ಕೈಗಡವಾಗಿ ಕೊಡುವುದು ಅಪರಾಧ. ತೋಟಾದ ಉದ್ದವನ್ನೂ ಗಮನಿಸಬೇಕು: 70 ಮಿಲಿಮೀಟರ್ ತೋಟಾಕ್ಕಾಗಿ ತಯಾರಾದ ಬಂದೂಕಿನಲ್ಲಿ 76 ಮಿಲಿಮೀಟರ್ ತೋಟಾ ಬಳಸುವುದು ಅಪಾಯಕರ. ನಳಿಕೆಯ ಮೇಲಿನ ಅಚ್ಚಿನಲ್ಲಿ ಈ ವಿವರ ಇರುತ್ತದೆ.

8. ಸುರಕ್ಷಿತ ಇರಿಸುವಿಕೆ ಮತ್ತು ಬಳಕೆ

ಬಂದೂಕನ್ನು ಖಾಲಿ ಮಾಡಿ, ಬೀಗವಿರುವ ಪೆಟ್ಟಿಗೆಯಲ್ಲಿ ಅಥವಾ ಕಪಾಟಿನಲ್ಲಿ ಇರಿಸತಕ್ಕದ್ದು. ತೋಟಾಗಳನ್ನು ಬೇರೊಂದು ಬೀಗದಡಿ ಇರಿಸಬೇಕು. ತೋಟದ ಮನೆಯ ಗೂಟಕ್ಕೆ ನೇತುಹಾಕುವುದು, ಹಾಸಿಗೆಯ ಕೆಳಗೆ ಇಡುವುದು, ಮಕ್ಕಳ ಕೈಗೆ ಎಟುಕುವಂತೆ ಬಿಡುವುದು ಪರವಾನಗಿಯ ಷರತ್ತುಗಳಿಗೆ ವಿರುದ್ಧ.

ಪಂಪ್ ಆಕ್ಷನ್ ಬಂದೂಕಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಜೋಡಿ ನಳಿಕೆಯ ಬಂದೂಕನ್ನು ಮಡಿಸಿದೊಡನೆ ಅದರಲ್ಲಿ ತೋಟಾ ಇದೆಯೇ ಇಲ್ಲವೇ ಎಂಬುದು ಕಣ್ಣಿಗೆ ಕಾಣುತ್ತದೆ. ಪಂಪ್ ಆಕ್ಷನ್ ಬಂದೂಕಿನಲ್ಲಿ ಹಾಗೆ ಕಾಣುವುದಿಲ್ಲ. ಮ್ಯಾಗಜಿನ್ ಖಾಲಿಯಾಗಿದ್ದರೂ ನಳಿಕೆಯ ಕೋಣೆಯಲ್ಲಿ ಒಂದು ತೋಟಾ ಉಳಿದಿರಬಹುದು. ಕೋಣೆ ಖಾಲಿಯಾಗಿದ್ದರೂ ಮ್ಯಾಗಜಿನ್‌ನಲ್ಲಿ ತೋಟಾ ಇದ್ದು, ಹಿಡಿಯನ್ನು ಎಳೆದು ತಳ್ಳಿದೊಡನೆ ಅದು ಕೋಣೆಗೆ ಸೇರಬಹುದು. ಆದುದರಿಂದ ಬಂದೂಕನ್ನು ಕೈಗೆ ತೆಗೆದುಕೊಂಡಾಗಲೆಲ್ಲ ಮತ್ತು ಒಳಗಿರಿಸುವ ಮುನ್ನ, ನಳಿಕೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಬೆರಳನ್ನು ಕುದುರೆಯಿಂದ ದೂರವಿಟ್ಟು, ಕೋಣೆ ಹಾಗೂ ಮ್ಯಾಗಜಿನ್ ಎರಡನ್ನೂ ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸತಕ್ಕದ್ದು. ಸೇಫ್ಟಿ ಗುಂಡಿ ಕುದುರೆಯನ್ನು ತಡೆಯುತ್ತದೆಯೇ ಹೊರತು ಬಂದೂಕನ್ನು ಖಾಲಿ ಮಾಡುವುದಿಲ್ಲ.

ಕಬ್ಬಿನ ಹೊಲದಲ್ಲಿ ಗುಂಡು ಹಾರಿಸುವುದು ಬಯಲಿನಲ್ಲಿ ಹಾರಿಸಿದಂತಲ್ಲ. ಸದ್ದು ಕೇಳಿದ ದಿಕ್ಕಿಗೆ, ಗರಿ ಅಲುಗಿದ ಕಡೆಗೆ ಗುಂಡು ಹಾರಿಸುವುದು ಅತ್ಯಂತ ಅಪಾಯಕರ. ಕಬ್ಬು ಕಟಾವಿನ ಹಂಗಾಮಿನಲ್ಲಿ ಬೇರೆ ಜಿಲ್ಲೆಗಳಿಂದಲೂ ನೆರೆ ರಾಜ್ಯದಿಂದಲೂ ಬಂದ ಕಟಾವು ಕುಟುಂಬಗಳು ಹೊಲದ ಬದುವಿನಲ್ಲೇ ಗುಡಿಸಲು ಹಾಕಿಕೊಂಡಿರುತ್ತವೆ. ನಸುಕಿನಲ್ಲಿಯೇ ಹೆಂಗಸರು ಮಕ್ಕಳು ಸಹಿತ ಹೊಲಕ್ಕೆ ಇಳಿಯುತ್ತಾರೆ. ರಾತ್ರಿ ಪಾಳಿಯ ವಿದ್ಯುತ್ ಬಂದಾಗ ನೀರು ಹಾಯಿಸಲು ಹೋದ ರೈತನು ಪಕ್ಕದ ಹೊಲದಲ್ಲಿ ಬಾಗಿ ಕುಳಿತಿರಬಹುದು. ಕಬ್ಬಿನ ಗರಿ ನೋಟವನ್ನು ತಡೆಯುತ್ತದೆ, ಚರೆಯನ್ನು ತಡೆಯುವುದಿಲ್ಲ. ದಪ್ಪ ಚರೆ ಮತ್ತು ಒಂಟಿ ಗುಂಡು ನೂರಾರು ಮೀಟರ್ ದೂರ ಹೋಗಬಲ್ಲವು. ಗುರಿಯನ್ನು ಸ್ಪಷ್ಟವಾಗಿ ಗುರುತಿಸದೆ, ಗುರಿಯ ಹಿಂದೆ ಏನಿದೆ ಎಂದು ತಿಳಿಯದೆ ಗುಂಡು ಹಾರಿಸಕೂಡದು. ಅನುಮಾನವಿದ್ದಲ್ಲಿ ಗುಂಡು ಹಾರಿಸದಿರುವುದೇ ನಿಯಮ. ಒಂದು ರಾತ್ರಿಯ ಬೆಳೆ ಮತ್ತೆ ಬೆಳೆಯುತ್ತದೆ. ಹೋದ ಜೀವ ಮರಳುವುದಿಲ್ಲ.

ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಪ್ರಕರಣದಡಿ ಮೊಕದ್ದಮೆ ದಾಖಲಾಗುತ್ತದೆ. ಪರವಾನಗಿ ಇದೆ ಎಂಬುದು ಅಲ್ಲಿ ರಕ್ಷಣೆಯಾಗುವುದಿಲ್ಲ. ಬೆಳೆ ಅಥವಾ ಪಂಪ್‌ಸೆಟ್ ಕಳ್ಳರೆಂಬ ಸಂಶಯದಿಂದ ಮನುಷ್ಯರತ್ತ ಗುಂಡು ಹಾರಿಸಲು ಬೆಳೆ ರಕ್ಷಣೆಯ ಪರವಾನಗಿ ಎಂದಿಗೂ ಅನುಮತಿಯಲ್ಲ.

9. ಬಂದೂಕಿನ ಪರವಾನಗಿ ಬೇಟೆಯ ಅನುಮತಿಯಲ್ಲ

ಬೆಳೆ ರಕ್ಷಣೆಯ ಬಂದೂಕು ದೊರೆತ ಮಾತ್ರಕ್ಕೆ ಬೆಳೆಗೆ ಬಂದ ಪ್ರಾಣಿಯನ್ನು ಕೊಲ್ಲಬಹುದು ಎಂಬ ತಿಳಿವಳಿಕೆ ತಪ್ಪು. ಆಯುಧ ಅಧಿನಿಯಮ ಬಂದೂಕು ಹೊಂದುವ ವಿಷಯಕ್ಕೆ ಸಂಬಂಧಿಸಿದ್ದು. ಪ್ರಾಣಿಯನ್ನು ಕೊಲ್ಲುವ ವಿಷಯವನ್ನು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972 ನಿಯಂತ್ರಿಸುತ್ತದೆ. ಎರಡೂ ಕಾನೂನುಗಳು ಏಕಕಾಲದಲ್ಲಿ ಅನ್ವಯಿಸುತ್ತವೆ.

ಸದರಿ ಅಧಿನಿಯಮದ 9ನೇ ಪ್ರಕರಣ ಅನುಸೂಚಿತ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ಅದು ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದಲ್ಲಿ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಯು 11ನೇ ಪ್ರಕರಣದಡಿ ಕಾರಣಸಹಿತ ಲಿಖಿತ ಆದೇಶದಿಂದ ಅನುಮತಿ ನೀಡಬಹುದು. ಅಂತಹ ಆದೇಶವಿಲ್ಲದೆ ಕಾಡುಹಂದಿಯನ್ನು ಕೊಲ್ಲುವುದು ಅಪರಾಧ. ಕೊಂದ ಪ್ರಾಣಿ ಸರ್ಕಾರದ ಸ್ವತ್ತಾಗುವುದರಿಂದ ಅದರ ಮಾಂಸವನ್ನು ಹಂಚಿಕೊಳ್ಳುವುದೂ ಮಾರುವುದೂ ಅಪರಾಧವೇ.

ಚಿರತೆ, ತೋಳ, ಕೃಷ್ಣಮೃಗ ಹಾಗೂ ನವಿಲು 1ನೇ ಅನುಸೂಚಿಯಲ್ಲಿವೆ. ಬೆಳೆ ಹಾನಿಯ ಕಾರಣದಿಂದ ಇವುಗಳನ್ನು ಕೊಲ್ಲಲು ಅನುಮತಿ ನೀಡುವ ಅವಕಾಶವೇ ಕಾನೂನಿನಲ್ಲಿ ಇಲ್ಲ. ಇಂತಹ ಪ್ರಕರಣಗಳಲ್ಲಿ 3ರಿಂದ 7 ವರ್ಷಗಳ ಸೆರೆವಾಸ ಹಾಗೂ ದಂಡ ವಿಧಿಸಬಹುದು. ಕಬ್ಬಿನ ಹೊಲದಲ್ಲಿ ಚಿರತೆ ಅಥವಾ ಅದರ ಮರಿಗಳು ಕಂಡುಬಂದಲ್ಲಿ ಜನರು ಸುತ್ತುವರಿಯದೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಪ್ರಾಣಿಯನ್ನು ಕೊಲ್ಲಬೇಕಾಗಿ ಬಂದಲ್ಲಿ ಅದು ಅಪರಾಧವಾಗುವುದಿಲ್ಲ. ಆದರೆ ಆ ವಿಷಯವನ್ನು ತಕ್ಷಣ ವರದಿ ಮಾಡಬೇಕು.

ವನ್ಯಪ್ರಾಣಿಗಳಿಂದ ಬೆಳೆ ಹಾನಿಯಾದಲ್ಲಿ ಅರಣ್ಯ ಇಲಾಖೆಯ ದಯಾತ್ಮಕ ಧನಕ್ಕಾಗಿ ಇ-ಪರಿಹಾರ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸಬಹುದು. ಹಾನಿಯ ಛಾಯಾಚಿತ್ರಗಳನ್ನು ಹೊಲ ಹಸನು ಮಾಡುವ ಮುನ್ನವೇ ತೆಗೆದಿಡತಕ್ಕದ್ದು.

ಹಂದಿಗಳಿಗಾಗಿ ಸಿಡಿಮದ್ದಿನ ಉಂಡೆ ಇಡುವುದು, ತಂತಿಗೆ ನೇರ ವಿದ್ಯುತ್ ಹರಿಸುವುದು, ನಾಡಬಂದೂಕನ್ನು ದಾರಕ್ಕೆ ಕಟ್ಟಿ ಇಡುವುದು ಬಂದೂಕಿಗಿಂತಲೂ ಅಪಾಯಕರ. ಇವು ಜಾನುವಾರುಗಳನ್ನೂ ಮನುಷ್ಯರನ್ನೂ ಬಲಿ ತೆಗೆದುಕೊಳ್ಳುತ್ತವೆ. ಸಿಡಿಮದ್ದಿಗೆ ಸ್ಫೋಟಕ ವಸ್ತುಗಳ ಅಧಿನಿಯಮ, 1908 ಅನ್ವಯಿಸುತ್ತದೆ.

10. ರಾಜ್ಯದ ಗಡಿ ಮತ್ತು ಪರವಾನಗಿಯ ವ್ಯಾಪ್ತಿ

ನಿಪ್ಪಾಣಿ, ಚಿಕ್ಕೋಡಿ, ಕಾಗವಾಡ ಮತ್ತು ಅಥಣಿ ತಾಲ್ಲೂಕುಗಳು ಮಹಾರಾಷ್ಟ್ರದ ಕೊಲ್ಹಾಪುರ ಅಥವಾ ಸಾಂಗಲಿ ಜಿಲ್ಲೆಗೆ ಹೊಂದಿಕೊಂಡಿವೆ. ಇಲ್ಲಿನ ಜನರಿಗೆ ಸಂತೆ, ಆಸ್ಪತ್ರೆ, ನೆಂಟಸ್ತನ ಎಲ್ಲವೂ ಗಡಿಯ ಎರಡೂ ಬದಿಯಲ್ಲಿವೆ. ಕೆಲವರ ಜಮೀನು ಸಹ ಗಡಿಯ ಆಚೆ ಇದೆ. ಆದರೆ ಬಂದೂಕಿನ ಪರವಾನಗಿ ಅದರಲ್ಲಿ ಬರೆದಿರುವ ಪ್ರದೇಶಕ್ಕೆ ಮಾತ್ರ ಸಿಂಧುವಾಗಿರುತ್ತದೆ. ಬೆಳೆ ರಕ್ಷಣೆಯ ಪರವಾನಗಿಯಾದರೆ ಅದು ನಿರ್ದಿಷ್ಟ ಪ್ರದೇಶದ ಬೆಳೆಗೆ ಸಂಬಂಧಿಸಿರುತ್ತದೆ.

ಉದಾಹರಣೆಗೆ, ಕಾಗವಾಡ ತಾಲ್ಲೂಕಿನ ಪರವಾನಗಿದಾರರೊಬ್ಬರು ದುರಸ್ತಿಗಾಗಿ ಬಂದೂಕನ್ನು ಮಿರಜಿಗೆ ಒಯ್ಯಲು ಬಯಸುತ್ತಾರೆ ಎಂದಿಟ್ಟುಕೊಳ್ಳೋಣ. ದೂರ ಕೆಲವೇ ಕಿಲೋಮೀಟರ್. ಆದರೂ ಪರವಾನಗಿಯ ವ್ಯಾಪ್ತಿ ಕರ್ನಾಟಕಕ್ಕೆ ಸೀಮಿತವಾಗಿದ್ದಲ್ಲಿ, ಗಡಿ ದಾಟಿದ ಕ್ಷಣದಿಂದ ಅವರು ಪರವಾನಗಿ ಇಲ್ಲದ ಬಂದೂಕು ಹೊತ್ತವರ ಸ್ಥಾನದಲ್ಲಿ ನಿಲ್ಲಬೇಕಾದೀತು. ಕೊಗನೊಳ್ಳಿ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕೊಲ್ಹಾಪುರಕ್ಕೆ ಹೋಗುವವರಿಗೂ ಇದೇ ಅನ್ವಯಿಸುತ್ತದೆ. ಹೊರರಾಜ್ಯಕ್ಕೆ ಒಯ್ಯುವ ನೈಜ ಅಗತ್ಯವಿದ್ದವರು ಮುಂಚಿತವಾಗಿ ವ್ಯಾಪ್ತಿ ವಿಸ್ತರಣೆಗೆ ಅರ್ಜಿ ಸಲ್ಲಿಸಿ ಲಿಖಿತ ನಮೂದು ಪಡೆದ ನಂತರವೇ ಒಯ್ಯತಕ್ಕದ್ದು. ಅದೇ ರೀತಿ ಮಹಾರಾಷ್ಟ್ರದ ಬಂಧುಗಳು ತಮ್ಮ ಬಂದೂಕಿನೊಡನೆ ಇಲ್ಲಿಯ ಹೊಲ ಕಾಯಲು ಬರುವಂತಿಲ್ಲ.

ಗಡಿಯೊಳಗೆ ಸಾಗಿಸುವಾಗಲೂ ಬಂದೂಕು ಖಾಲಿಯಾಗಿದ್ದು ಚೀಲದಲ್ಲಿ ಅಥವಾ ಪೆಟ್ಟಿಗೆಯಲ್ಲಿ ಇರಬೇಕು. ಪರವಾನಗಿ ಜೊತೆಯಲ್ಲಿರಬೇಕು. ಪೊಲೀಸರು ಕೇಳಿದಾಗ ತೋರಿಸುವುದು ಕಡ್ಡಾಯ.

11. ನವೀಕರಣ, ವಿಳಾಸ ಬದಲಾವಣೆ ಮತ್ತು ವಾರಸುದಾರಿಕೆ

2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 3 ವರ್ಷಗಳಿಂದ 5 ವರ್ಷಗಳಿಗೆ ಹೆಚ್ಚಿದೆ. ಅವಧಿ ಮುಗಿಯುವ ಕನಿಷ್ಠ 60 ದಿನ ಮುಂಚಿತವಾಗಿ ನವೀಕರಣಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಅವಧಿ ಮೀರಿದ ಪರವಾನಗಿಯೊಡನೆ ಬಂದೂಕು ಇಟ್ಟುಕೊಳ್ಳುವುದು ಪರವಾನಗಿ ಇಲ್ಲದೆ ಇಟ್ಟುಕೊಂಡಂತೆಯೇ.

ವಾಸಸ್ಥಳ ಬದಲಾದಲ್ಲಿ 30 ದಿನಗಳೊಳಗೆ ತಿಳಿಸಬೇಕು. ಹಿಂದೆ ಚಿಕ್ಕೋಡಿ ತಾಲ್ಲೂಕಿನಲ್ಲಿದ್ದು ಈಗ ನಿಪ್ಪಾಣಿಗೆ, ಹಿಂದೆ ಅಥಣಿಯಲ್ಲಿದ್ದು ಈಗ ಕಾಗವಾಡಕ್ಕೆ ಸೇರಿದ ಗ್ರಾಮಗಳವರ ಹಳೆಯ ಪರವಾನಗಿಗಳಲ್ಲಿ ಹಿಂದಿನ ತಾಲ್ಲೂಕಿನ ಹೆಸರೇ ಇರಬಹುದು. ಮನೆ ಬದಲಾಗದಿದ್ದರೂ ನವೀಕರಣದ ಸಮಯದಲ್ಲಿ ಈ ನಮೂದನ್ನು ಸರಿಪಡಿಸಿಕೊಳ್ಳುವುದರಿಂದ ಆಧಾರ್, ಪಹಣಿ ಮತ್ತು ಪರವಾನಗಿಗಳ ನಡುವಿನ ವ್ಯತ್ಯಾಸ ನಿವಾರಣೆಯಾಗುತ್ತದೆ.

ಪರವಾನಗಿದಾರರು ಮೃತರಾದಲ್ಲಿ ಪರವಾನಗಿ ತಾನಾಗಿಯೇ ಮಗನಿಗೆ ಅಥವಾ ಪತ್ನಿಗೆ ಬರುವುದಿಲ್ಲ. ಕುಟುಂಬದವರು ವಿಳಂಬವಿಲ್ಲದೆ ಬಂದೂಕು ಮತ್ತು ತೋಟಾಗಳನ್ನು ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಠೇವಣಿ ಮಾಡಿ ರಸೀದಿ ಪಡೆಯತಕ್ಕದ್ದು. ನಂತರ ಕಾನೂನುಬದ್ಧ ವಾರಸುದಾರರು ಇತರ ವಾರಸುದಾರರ ಒಪ್ಪಿಗೆಯೊಡನೆ ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಬಂದೂಕನ್ನು 25 ವರ್ಷ ಹೊಂದಿದ ನಂತರ, ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ವಯಸ್ಸಾದ ಪರವಾನಗಿದಾರರು ಈ ಅವಕಾಶವನ್ನು ಬಳಸಿಕೊಂಡಲ್ಲಿ ಮುಂದೆ ಮನೆಯವರಿಗೆ ತೊಂದರೆ ತಪ್ಪುತ್ತದೆ.

12. ಚುನಾವಣೆಯ ಸಮಯದಲ್ಲಿ ಠೇವಣಿ

ಚುನಾವಣೆ ಘೋಷಣೆಯಾದಾಗ ಪರವಾನಗಿ ಬಂದೂಕುಗಳನ್ನು ಪರಿಶೀಲನಾ ಸಮಿತಿಯ ನಿರ್ಧಾರದಂತೆ ಠೇವಣಿ ಮಾಡಲು ಆದೇಶಿಸಲಾಗುತ್ತದೆ. ಆದೇಶ ತಲುಪಿದವರು ನಿಗದಿತ ಅವಧಿಯೊಳಗೆ ಬಂದೂಕನ್ನು ಒಪ್ಪಿಸಿ ರಸೀದಿ ಪಡೆಯಬೇಕು. ಬೆಳೆ ಕೊಯ್ಲಿನ ಹಂಗಾಮು ಅಥವಾ ಜೀವಕ್ಕೆ ನೈಜ ಅಪಾಯದ ಕಾರಣ ವಿನಾಯಿತಿ ಬೇಕಾದವರು ಕಾರಣ ಮತ್ತು ದಾಖಲೆಗಳೊಡನೆ ಲಿಖಿತ ಮನವಿ ಸಲ್ಲಿಸಬಹುದು. ಚುನಾವಣಾ ಪ್ರಕ್ರಿಯೆ ಮುಗಿದ ಮೇಲೆ ರಸೀದಿ ತೋರಿಸಿ ಬಂದೂಕನ್ನು ಮರಳಿ ಪಡೆಯತಕ್ಕದ್ದು.

13. ಅಪರಾಧಗಳು

(ಅ) ಪರವಾನಗಿ ಇಲ್ಲದೆ ಬಂದೂಕು ಅಥವಾ ತೋಟಾ ಹೊಂದುವುದು 25ನೇ ಪ್ರಕರಣದಡಿ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧ. ಅಕ್ರಮ ತಯಾರಿಕೆ ಮತ್ತು ಮಾರಾಟಕ್ಕೆ 2019ರ ತಿದ್ದುಪಡಿಯಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸಬಹುದು.
(ಆ) ಮದುವೆ, ಜಾತ್ರೆ, ಮೆರವಣಿಗೆ, ವಿಜಯೋತ್ಸವಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಅಪಾಯ ತಂದಲ್ಲಿ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.
(ಇ) ಪರವಾನಗಿಯ ಷರತ್ತುಗಳ ಉಲ್ಲಂಘನೆ 30ನೇ ಪ್ರಕರಣದಡಿ ಅಪರಾಧ. ಜೊತೆಗೆ 17ನೇ ಪ್ರಕರಣದಡಿ ಪರವಾನಗಿಯನ್ನು ಅಮಾನತ್ತಿನಲ್ಲಿಡಬಹುದು ಅಥವಾ ರದ್ದುಪಡಿಸಬಹುದು.

14. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಂದೆಯ ಹೆಸರಿನಲ್ಲಿ ಪರವಾನಗಿ ಇದೆ. ರಾತ್ರಿ ಹೊಲ ಕಾಯಲು ಮಗ ಬಂದೂಕು ಒಯ್ಯಬಹುದೇ?
ಉತ್ತರ: ಇಲ್ಲ. ಪರವಾನಗಿಯಲ್ಲಿ ಹೆಸರು ಇಲ್ಲದವರು ಮನೆಯ ಸದಸ್ಯರಾದರೂ, ಸಂಬಳದ ಕಾವಲುಗಾರರಾದರೂ ಬಳಸುವಂತಿಲ್ಲ. ದುರಸ್ತಿ ಅಥವಾ ನವೀಕರಣಕ್ಕಾಗಿ ಪರವಾನಗಿದಾರರ ಲಿಖಿತ ಅಧಿಕಾರಪತ್ರದೊಡನೆ ಒಯ್ಯಲು ಮಾತ್ರ 3ನೇ ಪ್ರಕರಣದಲ್ಲಿ ಸೀಮಿತ ಅವಕಾಶವಿದೆ.

ಪ್ರಶ್ನೆ: ಜೋಡಿ ನಳಿಕೆಯ ಬಂದೂಕಿನ ಪರವಾನಗಿಯಲ್ಲಿಯೇ ಪಂಪ್ ಆಕ್ಷನ್ ಖರೀದಿಸಬಹುದೇ?
ಉತ್ತರ: ಪ್ರಾಧಿಕಾರದ ಅನುಮತಿ ಮತ್ತು ಪರವಾನಗಿಯಲ್ಲಿ ನಮೂದು ಇಲ್ಲದೆ ಬದಲಾಯಿಸುವಂತಿಲ್ಲ.

ಪ್ರಶ್ನೆ: ಆಯುಧ ಪೂಜೆಯಂದು ಬಂದೂಕನ್ನು ಪೂಜೆಗೆ ಇಡಬಹುದೇ?
ಉತ್ತರ: ಪರವಾನಗಿದಾರರ ಮನೆಯೊಳಗೆ, ಖಾಲಿ ಮಾಡಿದ ಸ್ಥಿತಿಯಲ್ಲಿ, ಅವರ ಸಮಕ್ಷಮದಲ್ಲಿ ಇಡಬಹುದು. ಗುಂಡು ಹಾರಿಸುವುದು, ಬೇರೆಯವರ ಕೈಗೆ ಕೊಟ್ಟು ಛಾಯಾಚಿತ್ರ ತೆಗೆಯಿಸುವುದು ಸಲ್ಲದು.

ಪ್ರಶ್ನೆ: ಹಳೆಯ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಬಂದೂಕು ದೊರೆತರೆ ಏನು ಮಾಡಬೇಕು?
ಉತ್ತರ: ಅದನ್ನು ಪರೀಕ್ಷಿಸಲು ಅಥವಾ ಮಾರಲು ಪ್ರಯತ್ನಿಸದೆ ಕೂಡಲೇ ಸಮೀಪದ ಪೊಲೀಸ್ ಠಾಣೆಗೆ ತಿಳಿಸಿ ಒಪ್ಪಿಸತಕ್ಕದ್ದು. ಒಳಗೆ ಮದ್ದು ಉಳಿದಿರುವ ಸಾಧ್ಯತೆ ಇರುತ್ತದೆ.

ಪ್ರಶ್ನೆ: ಬಂದೂಕು ಕಳುವಾದರೆ?
ಉತ್ತರ: ತಕ್ಷಣ ಸಮೀಪದ ಠಾಣೆಯಲ್ಲಿ ದೂರು ದಾಖಲಿಸಿ, ಪ್ರತಿಯೊಡನೆ ಪರವಾನಗಿ ಪ್ರಾಧಿಕಾರಕ್ಕೆ ತಿಳಿಸಬೇಕು. ತಡವಾದಷ್ಟೂ ಹೊಣೆ ಪರವಾನಗಿದಾರರ ಮೇಲೆಯೇ ಬೀಳುತ್ತದೆ.

15. ವಿಶೇಷ ಸೂಚನೆ

ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಸರಳವಾಗಿ ನೀಡಲಾಗಿದೆ. ಅಧಿನಿಯಮ, ನಿಯಮ ಮತ್ತು ಪರವಾನಗಿಯಲ್ಲಿ ಬರೆದ ಷರತ್ತುಗಳೇ ಅಂತಿಮ. ಬಂದೂಕಿನ ಪರವಾನಗಿ ಗೌರವದ ಚಿಹ್ನೆಯಲ್ಲ, ಹೊಣೆಗಾರಿಕೆಯ ಪತ್ರ ಎಂಬುದನ್ನು ಪ್ರತಿಯೊಬ್ಬ ಅರ್ಜಿದಾರರು ಮನಗಾಣತಕ್ಕದ್ದು. ಬೇಲಿ, ಸಾಮೂಹಿಕ ಕಾವಲು, ಶಬ್ದ ಮತ್ತು ಬೆಳಕಿನ ಕ್ರಮಗಳಿಂದ ಬೆಳೆಯನ್ನು ಕಾಪಾಡಲು ಸಾಧ್ಯವಿರುವಲ್ಲಿ ಮೊದಲು ಅವುಗಳನ್ನೇ ಅನುಸರಿಸುವಂತೆ ಕೋರಲಾಗಿದೆ.